ನಾವಿಬ್ಬರು, ನಮಗೆ ಹತ್ತು

2024ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ನಗರ ಪರಿಷತ್ತು ಇಲಿಗಳಿಗೆ ಸಂತಾನ ನಿಯಂತ್ರಣದ ಗುಳಿಗೆ ತಿನ್ನಿಸಿ ನೋಡಲು ಒಪ್ಪಿಗೆ ಕೊಟ್ಟಿತು. ಮರುತಿಂಗಳೇ ನಮ್ಮ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು, ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರಷ್ಟೇ ಸ್ಥಳೀಯ ಚುನಾವಣೆಗೆ ನಿಲ್ಲುವಂತೆ ಕಾನೂನು ತಂದರೆ ಹೇಗೆ ಎಂದರು. ನವೆಂಬರಿನಲ್ಲಿ ಆಂಧ್ರ ವಿಧಾನಸಭೆ ‘ಎರಡೇ ಮಕ್ಕಳು’ ಎಂಬ ಹಳೆಯ ನಿರ್ಬಂಧವನ್ನು ಕಿತ್ತುಹಾಕಿತು. ಅಲ್ಲಿ ಇಲಿಗೆ ‘ಸಾಕು ಮಾಡು’, ಇಲ್ಲಿ ಮನುಷ್ಯನಿಗೆ ‘ಇನ್ನೊಂದು ಹೆರು’. ಎರಡೂ ಸುತ್ತೋಲೆ ಒಂದೇ ದಿನ ನಮ್ಮ ರಾಯದುರ್ಗಕ್ಕೆ ಬಂದರೆ ಗುಳಿಗೆ ಯಾರ ಬಾಯಿಗೆ ಬೀಳುತ್ತದೋ ಎಂಬ ದಿಗಿಲು ನನಗೆ.

ಇಲಿಗೆ ಗುಳಿಗೆ ಕೊಡುವ ಯೋಚನೆಯಲ್ಲಿ ತಿರುಳಿದೆ, ಇಲ್ಲವೆನ್ನಲಾರೆ. ಹೆಣ್ಣಿಲಿ ಗಬ್ಬವಾದ ಮೂರು ವಾರಕ್ಕೆ ಹೆರುತ್ತದೆ, ಸೂಲಿಗೆ ಎಂಟು ಹತ್ತು ಮರಿ. ಮೂರು ತಿಂಗಳು ತುಂಬುವ ಹೊತ್ತಿಗೆ ಆ ಮರಿಗಳೂ ಗಬ್ಬ. ಪಾಷಾಣ ಇಟ್ಟರೆ ಒಂದಷ್ಟು ಸಾಯುತ್ತವೆ, ಉಳಿದವು ಸತ್ತವುಗಳ ಪಾಲನ್ನೂ ತಿಂದು ಮತ್ತೆ ಹೆರುತ್ತವೆ. ಇಲಿ ತಿಂದ ಹಕ್ಕಿಗೂ ಕುತ್ತು. ನ್ಯೂಯಾರ್ಕಿನ ಮೃಗಾಲಯದಿಂದ ತಪ್ಪಿಸಿಕೊಂಡು ವರ್ಷವಿಡೀ ಊರ ಇಲಿ ತಿಂದು ಬದುಕಿದ್ದ ಫ್ಲಾಕೋ ಎಂಬ ಗೂಬೆ ಸತ್ತಾಗ ಅದರ ಮೈಯಲ್ಲಿ ನಾಲ್ಕು ಬಗೆಯ ಇಲಿಪಾಷಾಣ ಸಿಕ್ಕಿತು. ನ್ಯೂಯಾರ್ಕಿನ ಈ ಗುಳಿಗೆ ಕಾನೂನಿಗೆ ಆ ಗೂಬೆಯದೇ ಹೆಸರು. ಸಂತಾನ ನಿಲ್ಲಿಸುವ ಇಂಥ ಔಷಧಿಗಳ ಪೈಕಿ ಈಚಿನದೊಂದರಲ್ಲಿ ಹತ್ತಿಕಾಳಿನ ಎಣ್ಣೆ ಇದೆಯಂತೆ. ನಮ್ಮಲ್ಲಿ ಎಮ್ಮೆ ಎರಡು ಲೋಟ ಹಾಲು ಹೆಚ್ಚಿಗೆ ಕೊಡಲಿ ಎಂದು ರುಬ್ಬಿ ಇಡುವುದೂ ಹತ್ತಿಕಾಳನ್ನೇ.

ಆದರೆ ಈ ಔಷಧಿಯ ನಿಜವಾದ ಗುಣ ಗೊತ್ತಿರುವುದು ಗುತ್ತಿಗೆದಾರನಿಗೆ ಮಾತ್ರ. ಇಲ್ಲಿಯವರೆಗೆ ಪಾಪ, ಇಲಿ ಹಿಡಿಯುವ ಕೆಲಸದಲ್ಲಿ ಹೆಣ ತೋರಿಸಬೇಕಿತ್ತು. 2013ರಲ್ಲಿ ಬೆಂಗಳೂರು ಪಾಲಿಕೆ 20 ಇಲಿಗೆ 2 ಲಕ್ಷ ರೂಪಾಯಿ ಕೊಟ್ಟದ್ದು ಬಯಲಾಗಿ ಮಾನ ಹೋಯಿತು. ಮುಂಬಯಿಯ ಸಚಿವಾಲಯವಾದ ಮಂತ್ರಾಲಯದಲ್ಲಿ ಏಳೇ ದಿನಕ್ಕೆ 3,19,400 ಇಲಿ ಕೊಂದ ಲೆಕ್ಕವನ್ನು 2018ರಲ್ಲಿ ಶಾಸಕ ಏಕನಾಥ ಖಡ್ಸೆ ಸದನದಲ್ಲಿ ಎತ್ತಿ ನಗೆಪಾಟಲು ಮಾಡಿದರು. 1902ರ ಹನೋಯಿಯಲ್ಲಿ ಫ್ರೆಂಚರು ಬಾಲಕ್ಕಿಷ್ಟೆಂದು ಕಾಸು ಕೊಟ್ಟರೆ, ಜನ ಬಾಲ ಮಾತ್ರ ಕತ್ತರಿಸಿ ಇಲಿಯನ್ನು ಮರಿ ಹಾಕಲು ಬಿಟ್ಟುಬಿಟ್ಟರು. ಅಷ್ಟಾದರೂ ಬಾಲ ಬೇಕಿತ್ತಲ್ಲ! ಹುಟ್ಟದ ಇಲಿಗೆ ಬಾಲವೂ ಇಲ್ಲ, ಹೆಣವೂ ಇಲ್ಲ. ‘ಈ ತ್ರೈಮಾಸಿಕದಲ್ಲಿ ಹುಟ್ಟದೇ ಉಳಿದ ಇಲಿಗಳು: 4 ಲಕ್ಷ’ ಎಂದು ಬಿಲ್ ಬರೆದರೆ ಯಾವ ಆಡಿಟರ್ ಹೋಗಿ ಎಣಿಸಿಯಾನು? ಎಣಿಸಲು ಹೊರಟವನಿಗೆ ಗುತ್ತಿಗೆದಾರ ಕೈ ಮುಗಿದು, ‘ಸಾರ್, ಒಂದೂ ಕಾಣದಿರುವುದೇ ಕೆಲಸ ಆಗಿರುವುದಕ್ಕೆ ಸಾಕ್ಷಿ’ ಎನ್ನುತ್ತಾನೆ. ಕಂಡ ಹೆಗ್ಗಣಗಳೆಲ್ಲ ಯೋಜನೆಗೆ ಮೊದಲೇ ಹುಟ್ಟಿದವು!

ಇನ್ನು ಇಲಿಯ ಮಾತು. ನ್ಯೂಯಾರ್ಕಿನ ಗುಳಿಗೆಗೆ ಉಪ್ಪು, ಕೊಬ್ಬು ಬೆರೆಸಿ ರುಚಿಕಟ್ಟು ಮಾಡಿರುತ್ತಾರೆ. ಒಗ್ಗರಣಿ, ಮೆಣಸಿನಕಾಯಿ ಬಜ್ಜಿ ತಿಂದು, ಅದರ ಮೇಲೆ ಅನಂತಪುರದ ಶೇಂಗಾ ಮೆದ್ದು ಬೆಳೆದ ನಮ್ಮ ಹೆಗ್ಗಣ ಅದನ್ನು ಮೂಸಿಯೂ ನೋಡದು. ತಿಪ್ಪೆ ಎತ್ತಿಸಿ, ಚರಂಡಿ ಮುಚ್ಚಿಸಿದರೆ ಹಸಿದಾದರೂ ತಿಂದೀತು. ಆದರೆ ತಿಪ್ಪೆ ಎತ್ತಿಸಿದ ಮೇಲೆ ಗುಳಿಗೆಗೆ ಕೆಲಸವೇ ಅಷ್ಟಿರುವುದಿಲ್ಲ, ಟೆಂಡರಿಗೂ ಇಲ್ಲ. ಹಾಗಾಗಿ ತಿಪ್ಪೆ ಇರಲಿ.

ಗಡಿಯ ತಕರಾರು ಬೇರೆ. ರಾಯದುರ್ಗ 1953ರಲ್ಲಿ ಬಳ್ಳಾರಿಯಿಂದ ಆಂಧ್ರಕ್ಕೆ ಬಂತು, ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಇಲಿಗಳಿಗೆ ಗೆಜೆಟ್ ತಲುಪಿಲ್ಲ. ಇಲ್ಲಿ ಬಿಲ ಖಾಲಿಯಾದರೆ ಮೊಳಕಾಲ್ಮೂರಿನ ಬಳಗ ರಾಯದುರ್ಗಕ್ಕೂ, ಪಾವಗಡದ ಬಳಗ ಮಡಕಶಿರಕ್ಕೂ ಗಂಟುಮೂಟೆ ಕಟ್ಟುತ್ತದೆ. ಅವು ಕರ್ನಾಟಕದ ಇಲಿಗಳು, ಗುಳಿಗೆಯ ಖರ್ಚು ಯಾರದೆಂದು ಇಬ್ಬರು ಕಾರ್ಯದರ್ಶಿಗಳು ಪತ್ರ ಬರೆದುಕೊಳ್ಳುವಷ್ಟರಲ್ಲಿ ನಾಲ್ಕು ತಲೆಮಾರು ದಾಟಿರುತ್ತದೆ.

ಹಾಗೆಂದು ಕೊಲ್ಲದೆ ಸಂತಾನ ನಿಲ್ಲಿಸುವ ವಿದ್ಯೆ ನಮ್ಮ ಸರಕಾರಗಳಿಗೆ ಬಾರದ್ದೇನಲ್ಲ. ಆಂಧ್ರದ ಈ ಗಡಿಸೀಮೆಯ ಕನ್ನಡ ಶಾಲೆಗಳನ್ನೇ ನೋಡಿ. ಯಾರೂ ಒಂದನ್ನೂ ಕೊಲ್ಲುವ ಮಾತಾಡಲಿಲ್ಲ. ಕನ್ನಡ ಮೇಷ್ಟ್ರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬರನ್ನು ಹಾಕುವುದನ್ನು ಮರೆತರು, ಅಷ್ಟೆ. ಒಂದನೇ ತರಗತಿಗೆ ಮಕ್ಕಳು ತಾವಾಗಿಯೇ ಕಡಿಮೆಯಾದರು. ಗುಳಿಗೆ ಬೇಕಾಗಲಿಲ್ಲ, ಟೆಂಡರ್ ಕರೆಯಲಿಲ್ಲ, ಯಾರ ಮೇಲೂ ಆಡಿಟ್ ಆಕ್ಷೇಪಣೆ ಬರಲಿಲ್ಲ. ನ್ಯೂಯಾರ್ಕಿನವರು ಸುಮ್ಮನೆ ದುಡ್ಡು ಸುರಿಯುತ್ತಿದ್ದಾರೆ, ನಮ್ಮ ಶಿಕ್ಷಣ ಇಲಾಖೆಯಿಂದ ಒಬ್ಬರನ್ನು ಎರವಲು ಕರೆಸಿಕೊಂಡರಾಗಿತ್ತು.