ಐದು ಕಂಬದ ಉಬ್ಬು

ನಮ್ಮ ಕಡೆ ಮನೆಗಳಲ್ಲಿ ಮನುಷ್ಯರಿಗಿಂತ ಸಾಮಾನುಗಳಿಗೇ ಬಟ್ಟೆ ಜಾಸ್ತಿ. ಅಪ್ಪಯ್ಯ ಬರಿಮೈಯಲ್ಲಿ ಜಗಲಿ ಮೇಲೆ ಕೂತು ಕವಳ ಹಾಕುತ್ತಿದ್ದರೆ, ಒಳಗೆ ರೇಡಿಯೋಕ್ಕೆ ಕ್ರೋಶಾ ಅಂಗಿ, ಕುರ್ಚಿಯ ಬೆನ್ನಿಗೆ ಕ್ರೋಶಾ ಶಾಲು, ಮಜ್ಜಿಗೆ ಪಾತ್ರೆಗೆ ಅಂಚಿಗೆಲ್ಲ ಮಣಿ ಪೋಣಿಸಿದ ಕ್ರೋಶಾ ಟೋಪಿ. ಮಣಿ ಬರೀ ಚಂದಕ್ಕಲ್ಲ ಮತ್ತೆ, ಗಾಳಿಗೆ ಹಾರದಿರಲಿ ಅಂತ ಭಾರಕ್ಕೆ. ಆಮೇಲೆ ಟಿ.ವಿ. ಬಂತು, ಅದಕ್ಕೂ ಒಂದು ಹೊದಿಕೆಯಾಯಿತು. ಈಗ ಗೋಡೆಗಂಟುವ ತೆಳು ಟಿ.ವಿ. ಬಂದಿದೆ. ಅದರ ತಲೆಯ ಮೇಲೆ ಏನು ಹೊದಿಸಿದರೂ ನಿಲ್ಲುವುದಿಲ್ಲ. ಒಂದು ಕಲೆಗೆ ಕಲೆಯೇ ಕೆಲಸ ಕಳಕೊಂಡಿತು.

ಸರಿಯಾಗಿ ಇಂಥ ಹೊತ್ತಿನಲ್ಲಿ ನನಗೆ ಕ್ರೋಶಾ ಕಲಿಯುವ ಮನಸ್ಸಾಯಿತು. ಕಾರಣ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಚೀಚೆ ಸುರಿಯುತ್ತದೆ. ಹೆಸರು ಆಗುಂಬೆಗೆ, ಮಳೆ ನಮ್ಮ ಹುಲಿಕಲ್ಲಿಗೆ ಎನ್ನುವುದು ಹೊಸನಗರದವರ ಹಳೇ ತಕರಾರು. ಸಾಗರದವರಾದ ನಾವು ಈ ವ್ಯಾಜ್ಯದಲ್ಲಿ ತಟಸ್ಥರು, ನೆನೆಯುವುದಂತೂ ತಪ್ಪುವುದಿಲ್ಲ. ಅಡಿಕೆಗೆ ಕೊಳೆ ಔಷಧಿ ಹೊಡೆಸಲು ಹೊಳವಾಗಲಿ ಎಂದು ಕಾಯಬೇಕು. ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಎರಡು ಕೈಗಳನ್ನು ಇಟ್ಟುಕೊಂಡು ಏನು ಮಾಡುವುದು?

ತೀರ್ಥಹಳ್ಳಿಗೆ ಕೊಟ್ಟ ಅಕ್ಕ ಆಗ ನಮ್ಮನೆಗೆ ಬಂದಿದ್ದಳು. ಅವಳ ಕ್ರೋಶಾ ಶಾಲೆಯ ಕ್ರಾಫ್ಟ್ ಪೀರಿಯಡ್ಡಿನದು. ಆ ಪೀರಿಯಡ್ಡಿನಲ್ಲಿ ಹೆಣ್ಣುಮಕ್ಕಳ ಕೈಗೆ ಕಡ್ಡಿ ಬರುತ್ತಿತ್ತು, ಗಂಡುಹುಡುಗರಾದ ನಾವು ದಾಸವಾಳದ ಗಿಡಕ್ಕೆ ನೀರು ಹೊರುತ್ತಿದ್ದೆವು, ಮಳೆಗಾಲದಲ್ಲೂ. ಆ ಬಾಕಿ ಈಗ ತೀರಲಿ ಎಂದು ಸಾಗರದ ಪೇಟೆಗೆ ಹೋಗಿ ನೂಲಿನ ಉಂಡೆ ಕೇಳಿದೆ. "ಮಗಳ ಶಾಲೆಗಾ ಸಾರ್?" ಎಂದ ಅಂಗಡಿಯ ಹುಡುಗ. ಹೌದೆಂದು ತಲೆಯಾಡಿಸಿದೆ. ನನಗಿರುವುದು ಮಗ, ಅವನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ.

ಚೈನು ಬಂತು, ಕಂಬವೂ ಬಂತು. ಆದರೆ ನನ್ನ ಕಣ್ಣಿದ್ದದ್ದು ಅಕ್ಕ ಹಾಕುವ ಉಬ್ಬಿನ ಮೇಲೆ. ಪಾಪ್‌ಕಾರ್ನ್ ಅನ್ನುತ್ತಾರೆ ಅದಕ್ಕೆ. ಒಂದೇ ತೂತಿನಲ್ಲಿ ಐದು ಕಂಬ ಹಾಕುವುದು. ಆಮೇಲೆ ಎದೆ ಗಟ್ಟಿ ಮಾಡಿಕೊಂಡು ಕಡ್ಡಿಯನ್ನು ಕುಣಿಕೆಯಿಂದ ಪೂರ್ತಿ ಹೊರಗೆಳೆಯುವುದು. ಮೊದಲ ಕಂಬದ ನೆತ್ತಿಗೆ ಮುಂದಿನಿಂದ ಕಡ್ಡಿ ತೂರಿಸಿ, ಅನಾಥವಾಗಿ ಜೋಲುತ್ತಿರುವ ಆ ಕುಣಿಕೆಯನ್ನು ಹಿಡಿದು ಎಳೆದರೆ ಐದೂ ಕಂಬ ಒಂದಕ್ಕೊಂದು ಒತ್ತಿಕೊಂಡು ಟಪ್ಪನೆ ಎದ್ದು ನಿಲ್ಲುತ್ತವೆ. ಹಿಂದಿನಿಂದ ತೂರಿಸಿದಿರೋ, ಉಬ್ಬು ಆಚೆ ಮಗ್ಗುಲಿಗೆ ಹೋಯಿತು. ಕುಣಿಕೆಗೆ ದಿಕ್ಕಿಲ್ಲದ ಆ ಒಂದು ಗಳಿಗೆ ಇದೆಯಲ್ಲ, ಕರೆಂಟು ಬರುವುದು ಆಗಲೇ. ಬಂದ ಖುಷಿಗೆ ಎದ್ದು ಮೋಟಾರು ಹಾಕಲು ಓಡಿದೆ. ನೂಲು ಕಾಲಿಗೆ ಸಿಕ್ಕಿಕೊಂಡು ಜಗಲಿಯಿಂದ ಬಚ್ಚಲವರೆಗೂ ಹಿಂದೆಯೇ ಬಂತು.

ಮಳೆಗಾಲದಲ್ಲಿ ಹತ್ತಿಯ ನೂಲು ತಂಡಿ ಹಿಡಿದು ಕಡ್ಡಿಯ ಮೇಲೆ ಜಾರುವುದಿಲ್ಲ. ಅಕ್ಕ ಕಡ್ಡಿಯನ್ನು ತಲೆಗೂದಲಿಗೆ ಎರಡು ಸಲ ತಿಕ್ಕಿ ಮುಂದುವರಿಸುತ್ತಾಳೆ. ನನ್ನ ತಲೆಯಲ್ಲಿ ಆ ಸೌಲಭ್ಯ ಉಳಿದಿಲ್ಲ. ನೂಲಿನ ಬಿಗಿಯೆಲ್ಲ ಅವಳ ಎಡಗೈ ಕಿರುಬೆರಳಲ್ಲಿದೆ. ಅಲ್ಲಿ ಒಂದು ಸುತ್ತು ಸುತ್ತಿಕೊಂಡರೆ ಆಯಿತು, ಕಣ್ಣು ಟಿ.ವಿ. ಕಡೆಗೆ, ಬಾಯಿ ಊರಿನ ಮದುವೆಗಳ ಕಡೆಗೆ.

ನಿಜವಾದ ಕ್ರೋಶಾವನ್ನು ಹಾಕುವ ಯಂತ್ರ ಬಟ್ಟೆ ಗಿರಣಿಗಳಿಗೆ ಇನ್ನೂ ಬಂದಿಲ್ಲ. ಅಂಗಡಿಯಲ್ಲಿ ತೂಗುವುದು ಒಂದೋ ನಕಲು, ಇಲ್ಲವೇ ಯಾರದೋ ಕೈ ಬೆರಳಿನ ನೋವು. ಆಂಧ್ರದ ನರಸಾಪುರದಲ್ಲಿ ಹೆಂಗಸರು ತಲೆತಲಾಂತರದಿಂದ ಹಾಕಿಕೊಂಡು ಬಂದ ಲೇಸಿಗೆ 2024ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಸಾಲುಸಾಲಿಗೂ ಲೆಕ್ಕದ ಪ್ರಕಾರ ಕಂಬ ಹೆಚ್ಚಿಸುತ್ತ ಹೋಗಿ, ಕಾಗದದಲ್ಲಿ ಮಾಡಿದರೆ ಬಾಳಿಕೆ ಬಾರದ ಅತಿಪರವಲಯ ಸಮತಲವನ್ನು ನೂಲಿನಲ್ಲಿ ಕೈಗಿತ್ತರು. ಇದನ್ನು ಅಕ್ಕನಿಗೆ ಬಹಳ ಉತ್ಸಾಹದಿಂದ ಹೇಳಿದೆ. "ಕಂಬ ಜಾಸ್ತಿ ಹಾಕಿದ್ರೆ ಅಂಚು ನಿರಿಗೆ ಬರದೆ ಇನ್ನೆಂತ ಆಗ್ತದೆ ಮಾರಾಯ? ಅದಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ?" ಎಂದಳು.

ಸಾಗರದ ಸೀಮೆಯ ದೀವರ ಹೆಂಗಸರು ಭತ್ತದ ತೆನೆ ಹೆಣೆದು ತೋರಣ ಮಾಡುತ್ತಾರೆ, ಅದನ್ನು ನೋಡಿದ ಕಣ್ಣಿಗೆ ಬೇರೆ ತೋರಣ ಹಿಡಿಸುವುದು ಕಷ್ಟ. ಹಾಗಿದ್ದೂ ನಮ್ಮ ಬಾಗಿಲಿಗೆ ಕ್ರೋಶಾ ತೋರಣ ಯಾಕೆ ಬಂತು? ಭತ್ತದ ಕಾಳಿಗೆ ಬರುವ ಇಲಿಯ ದೆಸೆಯಿಂದ ಎಂದು ನನ್ನ ಅಂದಾಜು. ಸಂಶೋಧಕರು ಬೇಕಾದರೆ ಬಳಸಿಕೊಳ್ಳಬಹುದು.

ಉಬ್ಬಿನ ಇನ್ನೊಂದು ಗುಣ, ನೂಲು ತಿನ್ನುವುದು. ಒಂದು ಕಂಬದ ಜಾಗಕ್ಕೆ ಐದು ಹೋದರೆ ಉಂಡೆ ಎಷ್ಟು ಹೊತ್ತು ಬಂದೀತು? ಮತ್ತೆ ಪೇಟೆಗೆ ಹೋದೆ. ಅದೇ ಕಂಪನಿ, ಅದೇ ಬಣ್ಣ, ಆದರೆ ಚೀಟಿಯಲ್ಲಿ ಲಾಟ್ ನಂಬರು ಬೇರೆ. ಮನೆಗೆ ತಂದು ಹಾಕಿದರೆ ಅರ್ಧ ಹಸಿರು, ಅರ್ಧ ಮಾಗಿದ ಹಸಿರು. ಪಕ್ಕದ ಮನೆಯ ಚಿಕ್ಕಮ್ಮ ಸಾರಿಗೆ ಹುಳಿ ಕೇಳಲು ಬಂದವರು ಅದನ್ನು ಮುಟ್ಟಿ, ತಿರುಗಿಸಿ ನೋಡಿ, "ಹಲಸಿನಕಾಯಿ ಸಿಪ್ಪೆ ಇದ್ದ ಹಾಗೇ ಇದೆ, ಚೆನ್ನಾಗಿದೆ" ಎಂದರು. ಹೊಗಳಿದ್ದೇ ಇರಬೇಕು.

ಹೊದಿಸಲು ಸಾಮಾನು ಹುಡುಕಿದೆ. ಇನ್‌ವರ್ಟರಿಗೆ ಗಾಳಿ ಬೇಕು, ಫ್ರಿಜ್ಜಿನ ನೆತ್ತಿ ಹೆಂಡತಿಯ ಸುಪರ್ದಿಯಲ್ಲಿದೆ. ಅಕ್ಕನ ಲೆಕ್ಕಾಚಾರವೇ ಬೇರೆ. ಟಿ.ವಿ. ಹೊದಿಕೆ ಹೋದರೇನು, ಸೀರೆಗೆ ಕ್ರೋಶಾ ಕುಚ್ಚು ಬಂದಿದೆಯಲ್ಲ! ಈಗ ಮದುವೆ ಅಂದರೆ ಸೆರಗಿಗೆ ಕುಚ್ಚು ಆಗಲೇಬೇಕು. ತೀರ್ಥಹಳ್ಳಿಯ ಅವಳ ಮನೆಯಲ್ಲಿ ಕಂಡವರ ರೇಷ್ಮೆ ಸೀರೆಗಳು ಸಾಲಾಗಿ ಕಾಯುತ್ತಿವೆ. ಕುಚ್ಚಿನ ಮೇಲಿನ ಸಾಲಿಗೆ ಉಬ್ಬು ಹಾಕುವ ಕೆಲಸ ನನಗೆ ವಹಿಸಿದ್ದಾಳೆ. ಕೂಲಿ, ಸೀರೆಗೊಂದು ಲೋಟ ಕಾಫಿ. ಗಿರಾಕಿ ಬಂದರೆ ಮಾತ್ರ ಕಡ್ಡಿ ಬದಿಗಿಟ್ಟು ಪೇಪರು ಓದುತ್ತಿರಬೇಕು ಎಂದು ಷರತ್ತು.