ಡ್ಯೂಕುಗಳ ಸುಗ್ಗಿ

"ರೀಜೆನ್ಸಿ ಪ್ರೇಮಕಾದಂಬರಿಗಳಲ್ಲಿ ಇತಿಹಾಸವೇ ಇಲ್ಲ ಅಂತೀರಲ್ಲ, ಯಾಕೆ ಸ್ವಾಮಿ?" ಎನ್ನುತ್ತಾರೆ ಓದುಗಿ. ನೀವೇ ಲೆಕ್ಕ ಹಾಕಿ ತಾಯಿ. ಇಂಗ್ಲೆಂಡಿನಲ್ಲಿ ರೀಜೆನ್ಸಿ ಎಂಬ ಕಾಲ ನಡೆದದ್ದು 1811ರಿಂದ 1820ರವರೆಗೆ, ಬರೀ ಒಂಬತ್ತು ವರ್ಷ. ಇದ್ದ ಡ್ಯೂಕುಗಳು ಒಂದು ಬಸ್ಸಿಗೆ ಸಾಲುವಷ್ಟು. ಮುದುಕರನ್ನೂ ಮದುವೆಯಾದವರನ್ನೂ ಕಳೆದರೆ ಬೆರಳೆಣಿಕೆ. ಪುಸ್ತಕದಂಗಡಿಯ ಒಂದೇ ಕಪಾಟಿನಲ್ಲಿ ಅದಕ್ಕಿಂತ ಹೆಚ್ಚು ಡ್ಯೂಕ್ ನಾಯಕರು, ಎಲ್ಲರಿಗೂ ಪೂರ್ತಿ ಹಲ್ಲು! "ಕತೆಗೆ ಕಾಲಿಲ್ಲ ಅಲ್ಲವೇ?" ಕಾಲು ಬೇಡ, ಕಣ್ಣಾದರೂ ಇರಲಿ. ಆ ಕಾಲದಲ್ಲೇ ಬದುಕಿದ್ದ ಜೇನ್ ಆಸ್ಟಿನ್ 1813ರಲ್ಲಿ ಕೊಟ್ಟ ಕಾದಂಬರಿಯ ನಾಯಕ ಡಾರ್ಸಿಗೆ ಬಿರುದೇ ಇಲ್ಲ. ಇದ್ದದ್ದು ವರ್ಷಕ್ಕೆ ಹತ್ತು ಸಾವಿರ ಪೌಂಡ್ ವರಮಾನ, ಅದನ್ನೂ ಅವನು ಕಾಲಿಟ್ಟ ಐದೇ ನಿಮಿಷಕ್ಕೆ ಊರು ಎಣಿಸಿ ಮುಗಿಸಿತ್ತು.

"ಅಮೆರಿಕದ ಸಣ್ಣ ಊರಿನ ಪ್ರೇಮಕಥೆ ವಾಸಿಯೇ?" ಅಲ್ಲಿ ಡ್ಯೂಕಿಗೇ ಕೌಬಾಯ್ ಟೋಪಿ. ನಾಯಕಿ ಮಹಾನಗರ ಬಿಟ್ಟು ಬಂದು ಬೇಕರಿ ತೆರೆಯುತ್ತಾಳೆ. ಊರಿಗೆ ಊರೇ ಮೂರು ಹೊತ್ತು ಕೇಕ್ ತಿಂದರೂ ಬಾಡಿಗೆ ಹುಟ್ಟುವುದು ಅನುಮಾನ. "ಹಾಗಾದರೆ ಓದುವುದು ಬಿಡಲೇ?" ಛೆ, ಮುಗಿಸಿ ಇತ್ತ ಕೊಡಿ.