ತಿಪಟೂರು ಸುತ್ತಿಗೆ

ಶನಿವಾರದಿಂದ ನಮ್ಮನೆಯಲ್ಲಿ ಎರಡು ಪಕ್ಷ. ಕಾರು ಸ್ಟಾರ್ಟ್ ಆದದ್ದು ಮಾವನವರ ಕೈಗುಣದಿಂದಲೋ, ತಾನಾಗಿಯೋ? ಮಾವನವರ ಪಕ್ಷದಲ್ಲಿ ಇರುವುದು ಅವರೊಬ್ಬರೇ, ಗದ್ದಲವೆಲ್ಲ ಆ ಕಡೆಯದೇ.

ಫೀನಿಕ್ಸ್‌ನ ಜುಲೈ. 2023ರಲ್ಲಿ ಸತತ 31 ದಿನ 43 ಡಿಗ್ರಿ ದಾಟಿದ ಊರಿದು. ಅಮೆರಿಕ ಅಂದರೆ ಚಳಿ ಅಂತ ಮಾವ ಮಂಕಿ ಕ್ಯಾಪ್ ಹಾಕಿಕೊಂಡೇ ಬಂದಿಳಿದಿದ್ದಾರೆ. ನಮ್ಮ ಹಳೇ ಕಾರಿಗೂ ಈ ಊರು ಒಗ್ಗಿಲ್ಲ. ಬೆಳಿಗ್ಗೆ ಸುಮ್ಮನೆ ಗುರ್ ಅನ್ನುತ್ತೆ. ಬಿಸಿಲಲ್ಲಿ ಓಡಿಸಿ, ನಿಲ್ಲಿಸಿ, ಮತ್ತೆ ಕೀ ತಿರುಗಿಸಿದರೆ ‘ಟಿಕ್’ ಅಂದು ಮುನಿಸಿಕೊಳ್ಳುತ್ತೆ.

ಅವತ್ತು ಮುನಿದದ್ದು ದಿನಸಿ ಅಂಗಡಿಯ ಮುಂದೆ. ಕಾರಿನೊಳಗೆ ಸತ್ಯನಾರಾಯಣ ಪೂಜೆಯ ಸಾಮಾನು. ಅತ್ತೆಯ ಮಡಿಲಲ್ಲಿ, ಮೂರು ಅಂಗಡಿ ಜಾಲಾಡಿ ಹುಡುಕಿದ ಜುಟ್ಟಿರುವ ತೆಂಗಿನಕಾಯಿ.

“ತಳ್ಳಿ, ಸೆಕೆಂಡ್ ಗೇರಲ್ಲಿ ಕ್ಲಚ್ ಬಿಡೋ,” ಅಂದರು ಮಾವ. ಆಟೊಮ್ಯಾಟಿಕ್ ಗಾಡಿ, ಕ್ಲಚ್ ಇಲ್ಲ ಅಂದೆವು. “ಕ್ಲಚ್ಚೇ ಇಲ್ಲದ್ದಕ್ಕೆ ಇಷ್ಟು ದುಡ್ಡು ಕೊಟ್ಟೆಯಾ?” ಅದರ ಮೇಲೆ ಒಂದು ಸುತ್ತು ವಾಗ್ವಾದ. ನನ್ನ ಗಂಡ ಬಾನೆಟ್ ಎತ್ತಿಟ್ಟು, ಫೋನಿನಲ್ಲಿ ವಿಡಿಯೊ ಹುಡುಕುತ್ತಾ ನಿಂತ. “ಸ್ಟಾರ್ಟರಿಗೆ ಎರಡೇಟು ಬೀಳಬೇಕು. ಸುತ್ತಿಗೆ ಎಲ್ಲಿ?” ಅಂದರು ಮಾವ. ಸುತ್ತಿಗೆ ಇರಲಿಲ್ಲ. ಮಾವ ತಿಪಟೂರಿನವರು, ಕಣ್ಣು ಅತ್ತೆಯ ಮಡಿಲಿಗೆ ಹೋಯಿತು.

ಕಾದ ಡಾಂಬರಿನ ಮೇಲೆ ರಟ್ಟು ಹಾಸಿ, ಪಂಚೆ ಎತ್ತಿ ಕಟ್ಟಿ, ಎಪ್ಪತ್ತೆರಡರ ಮುದುಕ ಕಾರಿನಡಿ ನುಸುಳಿದರು. ಹೊರಗುಳಿದದ್ದು ಎರಡು ಪಾದ ಮಾತ್ರ. ಒಳಗಿಂದ ಟಕ್. ಅತ್ತೆ, “ಅಯ್ಯೋ, ಜುಟ್ಟು ಜೋಪಾನ!” ಮತ್ತೆ ಟಕ್. ಜನ ಸೇರಿದರು. ಗುಜರಾತಿ ಅಂಕಲ್ಲೊಬ್ಬರು ಹಾಡುಹಗಲಲ್ಲಿ ಟಾರ್ಚ್ ಹಿಡಿದರು. ಮೂರನೆಯದಕ್ಕೆ ಫಟ್! ಕಾರಿನಡಿಯಿಂದ ನೀರು ಹರಿದು ಬಂತು. “ರೇಡಿಯೇಟರ್ ಹೋಯ್ತು!” ಅಂತ ಯಾರೋ ಕೂಗಿದರು. ಇನ್ನೊಬ್ಬರು ಬೆರಳಲ್ಲಿ ಮುಟ್ಟಿ, ಮೂಸಿ, ಕಾಯಿನೀರು ಅಂತ ತೀರ್ಪಿತ್ತರು. ಮಾವ ಹೊರಬಂದು ಎರಡೂ ಕೈ ಎತ್ತಿದರು. ಒಂದೊಂದರಲ್ಲೂ ಒಂದು ಹೋಳು. “ನೋಡೇ, ಸಮ ಹೋಳು!”

ಗಂಡ ಕೀ ತಿರುಗಿಸಿದ. ಗುರ್! ಜನ ಚಪ್ಪಾಳೆ ತಟ್ಟಿದರು. ಮಾವ ಗೆದ್ದ ಪಂಚಾಯಿತಿ ಮೆಂಬರಂತೆ ದಿಕ್ಕು ದಿಕ್ಕಿಗೂ ಕೈ ಮುಗಿದರು.

ದಾರಿಯಲ್ಲಿ ಮಗಳು ಕೆಣಕಿದಳು: “ತಾತ, ಅರ್ಧ ಗಂಟೆ ಜಗಳ ಆಡಿದ್ವಲ್ಲ, ಅಷ್ಟರಲ್ಲಿ ಅದು ತಣ್ಣಗಾಯ್ತು.” ಸ್ಟಾರ್ಟರ್ ಕೂತಿರುವುದು ಹೊಗೆಕೊಳವೆಯ ಪಕ್ಕ. ತಾಮ್ರ ನೂರು ಡಿಗ್ರಿ ಹೆಚ್ಚು ಕಾದರೆ ಅದರ ರೋಧ ಸುಮಾರು ಶೇಕಡಾ 40 ಏರುತ್ತೆ. ಸ್ಟಾರ್ಟರಿನ ಸೊಲೆನಾಯ್ಡ್ ಸುರುಳಿಗೆ ಸಾಕಷ್ಟು ಕರೆಂಟ್ ಸಿಗದೆ, ಗೇರನ್ನು ತಳ್ಳುವ ಶಕ್ತಿಯೇ ಇರಲ್ಲ. ಹಳೇ ಸ್ವಿಚ್ಚು, ತುಕ್ಕು ಹಿಡಿದ ವೈರು ಉಳಿದ ವೋಲ್ಟನ್ನೂ ನುಂಗುತ್ತವೆ. ಮಾವ ಕಿಟಕಿಯಾಚೆ ನೋಡುತ್ತಾ, “ಏಟು ಬಿದ್ದದ್ದೂ ನಿಜ, ಎದ್ದದ್ದೂ ನಿಜ,” ಅಂದರು.

ಭಾನುವಾರ ಗಂಡ ಬ್ಯಾಟರಿ ಮತ್ತು ಅರ್ತ್ ವೈರಿನ ತುದಿಗಳನ್ನು ಉಜ್ಜಿ, ಸೊಲೆನಾಯ್ಡಿಗೆ ಬ್ಯಾಟರಿಯಿಂದ ನೇರ ಕರೆಂಟ್ ಹೋಗುವಂತೆ ಒಂದು ರಿಲೇ ಕೂರಿಸಿ, ಸ್ಟಾರ್ಟರಿಗೆ ಶಾಖ ತಡೆಯುವ ಕವಚ ಸುತ್ತಿದ. ಈಗ ನಡುಮಧ್ಯಾಹ್ನವೂ ಒಂದೇ ತಿರುವಿಗೆ ಏಳುತ್ತೆ. ಕಾಯಿಯ ಪ್ರಭಾವ ಇನ್ನೂ ಇಳಿದಿಲ್ಲ ಎಂಬುದು ಮಾವನವರ ವಾದ.

ಅತ್ತೆ ಮಾತು ಬಿಟ್ಟಿದ್ದರು. ಆದರೂ ರಾತ್ರಿ ಎರಡು ಸಲ ಎದ್ದು, ಕಾರಿನಡಿ ಸುಟ್ಟುಕೊಂಡ ಮಾವನ ಮೊಣಕೈಗೆ ಲೋಳೆಸರ ಹಚ್ಚಿ, ಬೈಯದೆ ಹೋಗಿ ಮಲಗಿದರು. ಬೈಯದಿದ್ದದ್ದೇ ಮಾವನಿಗೆ ಗಾಬರಿ.

ಬೆಳಿಗ್ಗೆ ಅಕ್ಕಿರೊಟ್ಟಿ. ನಮಗೆಲ್ಲ ಕೊತ್ತಂಬರಿ ಚಟ್ನಿ, ಮಾವನ ತಟ್ಟೆಗೆ ಮಾತ್ರ ಆ ಕಾಯಿಯ ಚಟ್ನಿ. ಅವರು ಬೆರಳಲ್ಲಿ ನೆಕ್ಕಿ, ಕಣ್ಣು ಮುಚ್ಚಿ ಯೋಚಿಸಿ ಹೇಳಿದರು: “ಆಯಿಲ್ ವಾಸನೆ ಇಲ್ಲ. ಉಪ್ಪು ಕಮ್ಮಿ.”